ಅಳಿಸಲಾಗದ್ದು, ಅಳಿಯದ್ದು

ಮತ ಹಾಕಿ ಮೂರು ವಾರ ಆಯಿತು. ಎಡಗೈ ತೋರುಬೆರಳ ಚರ್ಮದ ಮೇಲಿನ ಶಾಯಿ ಆಗಲೇ ಹೋಗಿದೆ. ಉಗುರಿನ ಮೇಲೆ ಮಾತ್ರ ಕಪ್ಪು ಗೆರೆ ಕೂತಿದೆ, ಬುಡದಲ್ಲಿ ಹೊಸ ಉಗುರು ಬೆಳ್ಳಗೆ ಇಣುಕುತ್ತಿದೆ. ನಿಂಬೆಹಣ್ಣು, ಪಾತ್ರೆ ತಿಕ್ಕುವ ನಾರು ಎಲ್ಲಾ ಆಯಿತು (ಸುಮ್ನೆ ಕುತೂಹಲಕ್ಕೆ!). ಜಪ್ಪಯ್ಯ ಅಂದರೂ ಹೋಗಲಿಲ್ಲ.

1962ರಿಂದ ದೇಶದ ಚುನಾವಣೆಗಳಿಗೆ ಈ ಶಾಯಿ ಹೋಗುವುದು ನಮ್ಮ ಮೈಸೂರಿನ ಪೇಂಟ್ಸ್ ಕಾರ್ಖಾನೆಯಿಂದ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಬೆಳಕು ಬಿದ್ದರೆ ಕಪ್ಪಾಗುತ್ತದೆ. 'ಅಳಿಸಲಾಗದ ಶಾಯಿ' ಅನ್ನುತ್ತಾರೆ. ಹೆಸರಿಟ್ಟವರು ಜಾಣರು, 'ಅಳಿಯದ' ಅಂದಿಲ್ಲ ನೋಡಿ. ನಮ್ಮ ಕೈಯಲ್ಲಿ ಅಳಿಸಲು ಆಗುವುದಿಲ್ಲ, ಅಷ್ಟೇ. ಉಗುರು ಬೆಳೆದ ಹಾಗೆ ತಾನಾಗೇ ಅಳಿಯುತ್ತದೆ. ನೆನಪಿಗೆ ಮಾತ್ರ ಯಾಕೋ 'ಮಾಸದ' ಅನ್ನುತ್ತೇವೆ, ಬಟ್ಟೆಗೆ ಅಂದ ಹಾಗೆ.

ನೇಲ್ ಕಟರ್ ಎಲ್ಲಿಟ್ಟೆನೋ, ಹುಡುಕಬೇಕು.