ಇಂಗ್ಲಿಷಿನವರಿಗೆ ಹಿಂದಿ ಹೇಳಿಕೊಡುವಾಗ ನಮ್ಮ ಕನ್ನಡ ಎಲ್ಲೆಲ್ಲಿ ಅಡ್ಡ ಬರುತ್ತದೆ

ನಮ್ಮ ಆನ್‌ಲೈನ್ ಹಿಂದಿ ಕ್ಲಾಸಿನ ಕಳೆದ ಬ್ಯಾಚಿನ ಎ1 ಲೆವೆಲ್ (ಮೊದಲ ಹಂತದ) ಟೆಸ್ಟಿನ ರೆಕಾರ್ಡಿಂಗ್ ಕೇಳಿದವರಿಗೆಲ್ಲ ಒಂದು ಭಾಗ ಇನ್ನೂ ಚುಚ್ಚುತ್ತಿದೆ. ಪರೀಕ್ಷಕಿ ಸಲೀಸಾಗಿ ಕೇಳುತ್ತಾರೆ: "ಆಪ್‌ಕೋ ಹಿಂದೀ ಆತೀ ಹೈ?" ಆ ಕಡೆ ಇರುವವರು ಹುಟ್ಟಿದಾಗಿನಿಂದ ಇಂಗ್ಲಿಷ್ ಒಂದನ್ನೇ ಆಡಿದವರು, ಹೋಮ್‌ವರ್ಕ್ ಒಂದೂ ಬಿಟ್ಟವರಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಜೀ, ಮೈಂ ಆತಾ ಹೂಂ" ಅನ್ನುತ್ತಾರೆ. ಹಿಂದಿ ಬರುತ್ತದಾ ಅಂತ ಕೇಳಿದರೆ, ಹೌದು ನಾನು ಬರುತ್ತೇನೆ ಎಂಬ ಉತ್ತರ. ಪರೀಕ್ಷಕಿ ಪ್ರಶ್ನೆಯನ್ನು ನಿಧಾನವಾಗಿ ಮತ್ತೆ ಹೇಳುತ್ತಾರೆ. ಅದೇ ಉತ್ತರ, ಈ ಸಲ ದನಿ ಇನ್ನೂ ಸಣ್ಣದು. ವಿಷಯ ಬದಲಿಸಿ "ಆಪ್‌ಕೋ ಕ್ಯಾ ಚಾಹಿಯೇ?" ಅಂದರೆ "ಮೈಂ ಚಾಯ್ ಚಾಹಿಯೇ." ಅಲ್ಲಿಂದ ಮುಂದೆ ಆ ವಿದ್ಯಾರ್ಥಿಗೆ ಗೊತ್ತಿದ್ದ ಪದಗಳೂ ಬಾಯಿಗೆ ಬರಲಿಲ್ಲ. ಅಂಕಪಟ್ಟಿಯಲ್ಲಿ ಆಲಿಸುವ ಸಾಮರ್ಥ್ಯ ಕಡಿಮೆ ಎಂದು ಬಿತ್ತು.

ಕಡಿಮೆಯಾಗಿದ್ದದ್ದು ಅವರ ಆಲಿಸುವ ಸಾಮರ್ಥ್ಯವಲ್ಲ, ಪಠ್ಯಕ್ರಮ. ಅದನ್ನು ಬರೆದವರು ಕನ್ನಡದವರು, ಕಲಿಸುವವರು ಕನ್ನಡದವರು. "ಮುಝೇ ಹಿಂದೀ ಆತೀ ಹೈ" ನಮಗೆ ಪಾಠವೇ ಅಲ್ಲ. ನನಗೆ ಹಿಂದಿ ಬರುತ್ತೆ, ನನಗೆ ಚಹಾ ಬೇಕು, ನನಗೆ ಹಸಿವಾಗಿದೆ: ಎಲ್ಲ ಕನ್ನಡದಲ್ಲಿ ಹಾಗೇ ಇದೆ. ಹಾಗಾಗಿ ಅದು ಒಂಬತ್ತನೇ ಕ್ಲಾಸಿನ ಕೊನೆಗೆ ಒಂದೇ ಸಾಲಿನ ಟಿಪ್ಪಣಿಯಾಗಿ ಕೂತಿತ್ತು. ಇಂಗ್ಲಿಷಿನಲ್ಲಿ ಭಾಷೆ ಗೊತ್ತಿರುವವನೂ, ಚಹಾ ಬೇಕಾದವನೂ, ಹಸಿದವನೂ ವಾಕ್ಯದ ಕರ್ತೃವಾಗಿಯೇ ನಿಲ್ಲುತ್ತಾನೆ. ಅವನನ್ನು ಅಲ್ಲಿಂದ ಎಬ್ಬಿಸಿ "ಕೋ" (ನಮ್ಮ "ಗೆ") ಹಚ್ಚಿ ಪಕ್ಕಕ್ಕೆ ಕೂರಿಸುವುದು ಅವರಿಗೆ ದೊಡ್ಡ ಕೆಲಸ. ಹಿಂದಿ ಪ್ರಚಾರ ಸಭಾದ ಪರೀಕ್ಷೆಗಳನ್ನು ಪಾಸು ಮಾಡಿಕೊಂಡು ಈ ಕೆಲಸಕ್ಕೆ ಬಂದ ನಮ್ಮಂಥವರು ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ನಮಗೆ ಹಿಂದಿಯಲ್ಲಿ ಕಷ್ಟವಾದದ್ದನ್ನು ನಾವು ಚೆನ್ನಾಗಿ ಕಲಿಸುತ್ತೇವೆ, ಸುಲಭವಾದದ್ದನ್ನು ಕಲಿಸುವುದೇ ಇಲ್ಲ.

ಈ "ಮುಝೇ" ವಾಕ್ಯಗಳನ್ನು ಮೂರನೇ ಕ್ಲಾಸಿಗೇ ತರಬೇಕು, ಅದೂ ಒಂದು ಕ್ರಮದಲ್ಲಿ. ಮೊದಲು "ಚಾಹಿಯೇ", ಏಕೆಂದರೆ ಅದು ಲಿಂಗಕ್ಕೆ ತಕ್ಕಂತೆ ಬದಲಾಗುವುದಿಲ್ಲ: ಮುಝೇ ಪಾನೀ ಚಾಹಿಯೇ, ಮುಝೇ ಚಾಯ್ ಚಾಹಿಯೇ. ಆಮೇಲೆ "ಪಸಂದ್ ಹೈ". ಇಲ್ಲಿ ಬಹುವಚನ ತಂದು ತೋರಿಸಬಹುದು: ಮುಝೇ ಯಹ್ ಕಿತಾಬ್ ಪಸಂದ್ ಹೈ, ಮುಝೇ ಯೇ ಕಿತಾಬೇಂ ಪಸಂದ್ ಹೈಂ. ಕ್ರಿಯಾಪದ ವಸ್ತುವಿನ ಹಿಂದೆ ಹೋಗುತ್ತದೆಯೇ ಹೊರತು "ನನ್ನ" ಹಿಂದೆ ಅಲ್ಲ ಎಂಬುದು ಅವರಿಗೆ ಮೊದಲು ಕಾಣಿಸುವುದು ಇಲ್ಲೇ. ನಂತರ "ಲಗ್‌ನಾ": ಭೂಖ್ ಲಗೀ ಹೈ, ಠಂಡ್ ಲಗ್ ರಹೀ ಹೈ. ಕೊನೆಗೆ "ಆತೀ ಹೈ". "ಆನಾ" ಅಂದರೆ ಬರುವುದು ಎಂದು ಮೊದಲ ವಾರ ಕಾರ್ಡಿನಲ್ಲಿ ಬರೆಸಿದ್ದರೆ, ಅದರ ಎರಡನೇ ಬಳಕೆಯನ್ನು ಬೇರೆ ಬಣ್ಣದ ಕಾರ್ಡಿನಲ್ಲಿ ಬರೆಸಿ. ಒಂದೇ ಕಾರ್ಡಿನಲ್ಲಿದ್ದರೆ ಟೆಸ್ಟಿನಲ್ಲಿ ಮೊದಲನೆಯದೇ ಹೊರಬರುತ್ತದೆ.

ಗೌರವದ ಮಾತಿನಲ್ಲೂ ಇದೇ ಸಮಸ್ಯೆ. ನೀನು, ನೀವು ಎಂಬ ಭೇದ ನಮಗೆ ತೊಟ್ಟಿಲಲ್ಲೇ ಬಂದಿರುತ್ತದೆ. ಹಿಂದಿಯ ತೂ, ತುಮ್, ಆಪ್ ಎಂಬ ಮೂರನ್ನು ನಾವು ಎರಡು ನಿಮಿಷದಲ್ಲಿ ಮುಗಿಸುತ್ತೇವೆ. ಇಂಗ್ಲಿಷಿನವರು ವಿನಯವನ್ನು ಹುಡುಕುವುದು ಬೇರೆ ಪದವೊಂದರಲ್ಲಿ. ಹಾಗಾಗಿ "ಕೃಪಯಾ" ಎಂಬುದನ್ನು ಎಲ್ಲದರ ಮುಂದೆ ಇಟ್ಟು "ಕೃಪಯಾ ಪಾನೀ ದೋ" ಅನ್ನುತ್ತಾರೆ. ಕೇಳಿದವರಿಗೆ ಅದು ಸರ್ಕಾರಿ ಫಲಕದ ಪದ ಮತ್ತು ಸಲಿಗೆಯ ಕ್ರಿಯಾಪದ ಒಟ್ಟಿಗೆ ಬಂದಂತೆ. ವಿನಯ ಕ್ರಿಯಾಪದದ ಬಾಲದಲ್ಲಿದೆ ಎಂದು ಮೊದಲೇ ಹೇಳಿ, ಬೈಠಿಯೇ, ಆಇಯೇ, ಸುನಿಯೇ ಅಭ್ಯಾಸ ಮಾಡಿಸಿ. ನಿಯಮ ಮೀರುವ ನಾಲ್ಕನ್ನು ಗುಂಪಾಗಿ ಕೊಡಿ: ದೀಜಿಯೇ, ಲೀಜಿಯೇ, ಪೀಜಿಯೇ, ಕೀಜಿಯೇ. ಹೊಸಬರಿಗೆ ದಿನವೂ ಬೇಕಾಗುವ ಕ್ರಿಯಾಪದಗಳೇ ಇವು. "ಕೃಪಯಾ" ಮೊದಲ ಹಂತದಲ್ಲಿ ಬೇಡ.

ಇನ್ನು ಉಚ್ಚಾರಣೆ. ಇದಕ್ಕೆ ನಮ್ಮ ಟೈಮ್‌ಟೇಬಲ್ಲಿನಲ್ಲಿ ಒಂದೇ ಸ್ಲಾಟು ಇದೆ, ಸಾಲದು. ಇಂಗ್ಲಿಷಿನ "ಟ" ನಮ್ಮ "ತ"ವೂ ಅಲ್ಲ, "ಟ"ವೂ ಅಲ್ಲ. ಹಲ್ಲಿನ ಹಿಂದಿನ ಒಸಡಿಗೆ ನಾಲಗೆ ತಾಗಿ ಹುಟ್ಟುವ ಮಧ್ಯದ ದನಿ ಅದು. ಹಾಗಾಗಿ "ತುಮ್" ಅನ್ನುವುದು "ಟುಮ್" ಆಗುತ್ತದೆ. "ಇನ್ನೂ ಮೃದುವಾಗಿ ಹೇಳಿ" ಅಂದರೆ ಏನೂ ಪ್ರಯೋಜನವಿಲ್ಲ, ದನಿ ತಗ್ಗಿಸುತ್ತಾರೆ ಅಷ್ಟೇ. "ಥಿಂಕ್" ಎಂಬ ಇಂಗ್ಲಿಷ್ ಪದ ಹೇಳಲು ನಾಲಗೆ ಎಲ್ಲಿಗೆ ಹೋಗುತ್ತದೋ ಅಲ್ಲೇ ಇಟ್ಟು, ಗಾಳಿ ಸೋರದಂತೆ ಪೂರ್ತಿ ತಡೆದು ಬಿಡಲು ಹೇಳಿ. "ತ" ಬರುತ್ತದೆ. "ದ" ಕೂಡ ಹಾಗೇ, "ದಿಸ್" ಎಂಬುದರ ಜಾಗದಿಂದ.

ಮಹಾಪ್ರಾಣ ಅವರಿಗೆ ಬರುವುದಿಲ್ಲ ಎಂಬುದು ತಪ್ಪು ಲೆಕ್ಕ. ಪದದ ಮೊದಲಲ್ಲಿ ಬರುವ ಪ, ಟ, ಕಗಳನ್ನು ಅವರು ಉಸಿರು ಸೇರಿಸಿಯೇ ಹೇಳುತ್ತಾರೆ. ಅವರಿಗೆ ಬಾರದಿರುವುದು ಅಲ್ಪಪ್ರಾಣ. "ಪಲ್" ಹೇಳಲು ಹೋದರೆ ಹಣ್ಣಿನ "ಫಲ್" ಆಗುತ್ತದೆ. ಪರಿಹಾರ ಅವರ ಬಾಯಲ್ಲೇ ಇದೆ. "ಸ್ಪಿನ್" ಎನ್ನುವಾಗಿನ "ಪ"ದಲ್ಲಿ ಉಸಿರಿಲ್ಲ. ತುಟಿಯ ಮುಂದೆ ತೆಳು ಟಿಶ್ಯೂ ಹಿಡಿದು "ಪಿನ್" ಅಂದರೆ ಅದು ಹಾರುತ್ತದೆ, "ಸ್ಪಿನ್" ಅಂದರೆ ಅಲುಗಾಡುವುದಿಲ್ಲ. "ಸ್" ಅನ್ನು ಮನಸ್ಸಿನಲ್ಲೇ ಹೇಳಿಕೊಂಡು "ಪಲ್" ಹೇಳಿಸಿ, ಟಿಶ್ಯೂ ಅಲುಗಬಾರದು. ಕ, ತಗಳಿಗೂ ಇದೇ ವಿಧಾನ. ನಿಜಕ್ಕೂ ಕಷ್ಟವಾಗುವುದು ಘ, ಧ, ಭ. "ಘರ್" ಎಂಬುದು "ಗರ್" ಆಗುತ್ತದೆ, ತಿದ್ದಿದರೆ "ಗಹರ್" ಎಂದು ಎರಡು ತುಂಡಾಗುತ್ತದೆ. ಅದಕ್ಕೆ ಸಮಯ ಕೊಡಿ, ಮೊದಲ ತಿಂಗಳೇ ಜಗ್ಗಬೇಡಿ. ಆಡುಗನ್ನಡದಲ್ಲಿ ಮಹಾಪ್ರಾಣ ಸವೆದುಹೋಗಿರುವ ನಾವೂ ಮಾದರಿಯಾಗಿ ಹೇಳುವಾಗ ನಮ್ಮ ಮುಂದೆಯೇ ಟಿಶ್ಯೂ ಹಿಡಿದು ನೋಡಿಕೊಳ್ಳುವುದು ಒಳ್ಳೆಯದು.

ಮೀಟಿಂಗ್ ಆ್ಯಪ್‌ನ ನಾಯ್ಸ್ ಸಪ್ರೆಷನ್ ಈ ಕೆಲಸಕ್ಕೆ ಕಂಟಕ. ಉಸಿರಿನ ಸದ್ದನ್ನೇ ಗದ್ದಲವೆಂದುಕೊಂಡು ಅದು ಕತ್ತರಿಸಿಬಿಡುತ್ತದೆ. ವಿದ್ಯಾರ್ಥಿ ಸರಿಯಾಗಿ "ಖಾನಾ" ಅಂದಿದ್ದರೂ ನಮ್ಮ ಕಿವಿಗೆ "ಕಾನಾ" ಬೀಳುತ್ತದೆ, ನಾವು ಸರಿ ಇದ್ದದ್ದನ್ನೇ ತಿದ್ದುತ್ತೇವೆ. ಉಚ್ಚಾರಣೆಯ ಕ್ಲಾಸಿಗೆ ಮುಂಚೆ ಎರಡೂ ಕಡೆ ಅದನ್ನು ಆಫ್ ಮಾಡಿಸಿ. ಅನುಮಾನ ಬಂದರೆ ಫೋನಿನಲ್ಲಿ ರೆಕಾರ್ಡ್ ಮಾಡಿದ ಆಡಿಯೋ ತರಿಸಿಕೊಂಡೇ ಅಂಕ ಕೊಡಿ.

ಅಮೆರಿಕದವರಿಗೆ "ರ" ಕಲಿಸಲು ಅವರದೇ "ವಾಟರ್", "ಲ್ಯಾಡರ್" ಸಾಕು. ಆ ಪದಗಳ ನಡುವೆ ನಾಲಗೆ ಒಮ್ಮೆ ತಟ್ಟಿ ಬರುತ್ತದಲ್ಲ, ಹಿಂದಿಯ "ರ" ಹೆಚ್ಚುಕಡಿಮೆ ಅದೇ. ಅದೇ ತಟ್ಟುವಿಕೆಯನ್ನು ನಾಲಗೆ ಹಿಂದಕ್ಕೆ ಮಡಚಿ ಮಾಡಿದರೆ "ಸಡಕ್", "ಘೋಡಾ"ಗಳಲ್ಲಿರುವ ಅಡಿಚುಕ್ಕೆಯ "ಡ" ಸಿಗುತ್ತದೆ. ಇಂಗ್ಲೆಂಡಿನ ಹಲವರಿಗೆ "ವಾಟರ್"ನಲ್ಲಿ ಈ ತಟ್ಟುವಿಕೆ ಇಲ್ಲ, ಅವರಿಗೆ ಬೇರೆ ದಾರಿ ಬೇಕು. ಒಂದೇ ಬ್ಯಾಚಿಗೆ ಇಬ್ಬರನ್ನೂ ಹಾಕಿದಾಗ ಬ್ರೇಕ್‌ಔಟ್ ರೂಮ್ ಮಾಡಲೇಬೇಕು.

ಇನ್ನೊಂದು ಜಾಗದಲ್ಲಿ ಅವರೂ ನಾವೂ ಒಟ್ಟಿಗೆ ಜಾರುತ್ತೇವೆ. ರೋಮನ್ ಅಕ್ಷರದಲ್ಲಿ ನೋಡಿ ಅವರು "ಹೈ" ಎಂಬುದನ್ನು ಎತ್ತರ ಎಂಬರ್ಥದ ಇಂಗ್ಲಿಷ್ ಪದದಂತೆ ಓದುತ್ತಾರೆ. ನಮ್ಮ ಕನ್ನಡದ "ಐ" ಕೂಡ ಅಲ್ಲಿಗೇ ಒಯ್ಯುತ್ತದೆ. ದಿಲ್ಲಿ ಕಡೆಯ ಹಿಂದಿಯಲ್ಲಿ ಅದು ಒಂದೇ ಸ್ವರ, "ಹೆನ್" ಮತ್ತು "ಹ್ಯಾಟ್" ಎಂಬ ಇಂಗ್ಲಿಷ್ ಪದಗಳ ಸ್ವರಗಳ ನಡುವಿನದು. ಪ್ರತಿ ಎರಡನೇ ವಾಕ್ಯದ ಕೊನೆಗೆ ಬರುವ ಪದವಿದು, ಮೊದಲ ದಿನವೇ ತಿದ್ದಿಕೊಂಡರೆ ಲಾಭ ದೊಡ್ಡದು.

ಲಿಪಿಯ ವಿಷಯದಲ್ಲಿ ಮ್ಯಾನೇಜ್‌ಮೆಂಟಿನ ಜತೆ ಜಗಳ ಮುಗಿಯುವಂಥದ್ದಲ್ಲ. ಡೆಮೋ ಕ್ಲಾಸಿನಲ್ಲಿ "ಲಿಪಿ ಬೇಡ, ಮಾತು ಸಾಕು" ಎಂದು ಮಾರುತ್ತಾರೆ. ಇದು ಹೊಸ ಆಸೆಯೇನಲ್ಲ. 1800ರಲ್ಲಿ ಕಲ್ಕತ್ತೆಯಲ್ಲಿ ಶುರುವಾದ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಕಂಪನಿಯ ಇಂಗ್ಲಿಷ್ ಅಧಿಕಾರಿಗಳಿಗೆ ಹಿಂದುಸ್ತಾನಿ ಕಲಿಸಿದ ಜಾನ್ ಗಿಲ್‌ಕ್ರಿಸ್ಟ್ ಕೂಡ ರೋಮನ್ ಅಕ್ಷರಗಳ ಪದ್ಧತಿಯೊಂದನ್ನು ಕಟ್ಟಿದ್ದರು. ಅದಾದರೂ ಒಂದು ಪದ್ಧತಿ. ಈಗ ಚಾಟ್‌ನಲ್ಲಿ ಬರೆಯುವ ರೋಮನ್‌ಗೆ ನಿಯಮವೇ ಇಲ್ಲ. ಬೇಳೆಯ "ದಾಲ್", ಕೊಂಬೆಯ "ಡಾಲ್", ಪಕ್ಷದ "ದಲ್" ಮೂರೂ ಅದರಲ್ಲಿ ಒಂದೇ ಸ್ಪೆಲ್ಲಿಂಗು. ಮೇಲೆ ಹೇಳಿದ ಉಚ್ಚಾರಣೆಯ ಕೆಲಸವೆಲ್ಲ ಅಲ್ಲಿ ಕರಗಿಹೋಗುತ್ತದೆ. ಮೊದಲ ಎರಡು ವಾರ ಬಾಯಿಪಾಠ, ಮೂರನೇ ವಾರದಿಂದ ದಿನಕ್ಕೆ ನಾಲ್ಕೈದು ಅಕ್ಷರ, ಇದು ನಡೆಯುತ್ತದೆ. ವರ್ಣಮಾಲೆಯ ಕ್ರಮದಲ್ಲಿ ಹೋಗುವುದು ನಮ್ಮ ರೂಢಿ, ಅವರಿಗೆ ಅದು ಬೇಕಿಲ್ಲ. ನ, ಮ, ಕ, ಲ, ರ, ಸ ಮತ್ತು "ಆ" ಮಾತ್ರೆ (ಕಾಗುಣಿತದ ಸ್ವರಚಿಹ್ನೆ) ಕಲಿತರೆ ಆ ದಿನವೇ ನಾಮ್, ಕಾಮ್, ಕಲ್, ಸಾಲ್ ಓದಬಹುದು. "ಇ" ಮಾತ್ರೆ ಅಕ್ಷರದ ಎಡಕ್ಕೆ ಬಂದರೂ ದನಿ ಆಮೇಲೆ ಎಂಬುದನ್ನು ಬರೆದೇ ತೋರಿಸಿ. ಘ ಮತ್ತು ಧ, ಭ ಮತ್ತು ಮ ಒಂದೇ ದಿನ ಬೇಡ, ನೋಡಲು ತೀರಾ ಹತ್ತಿರ.

ನಾವು ಎಚ್ಚರವಾಗಿರಬೇಕಾದ ಕಡೆ ಪದದ ಕೊನೆಯ "ಅ". ಕನ್ನಡದ ಅಭ್ಯಾಸದಲ್ಲಿ "ನಮಕ" ಎಂದು ಓದಿಬಿಡುತ್ತೇವೆ, ಅವರು ಹಾಗೇ ಬರೆದುಕೊಳ್ಳುತ್ತಾರೆ. ಹಿಂದಿಯಲ್ಲಿ ಅದು "ನಮಕ್". ಪದದ ಕೊನೆಗೆ ಸ್ವರ ಬಂದು ಸೇರಿದರೆ ನಡುವಿನ "ಅ" ಕೂಡ ಬಿದ್ದುಹೋಗುತ್ತದೆ: ನಮಕ್, ನಮ್‌ಕೀನ್. ಸಡಕ್, ಸಡ್‌ಕೇಂ. ಈ ಎರಡು ಜೋಡಿ ಬೋರ್ಡಿನಲ್ಲಿದ್ದರೆ ಸಾಕು, ನಿಯಮವನ್ನು ಅವರೇ ಹೇಳುತ್ತಾರೆ.

ಭೂತಕಾಲದಲ್ಲಿ ಕರ್ತೃವಿಗೆ ಹಚ್ಚುವ "ನೇ" ವಿಷಯ ಬೇರೆ. ಅದು ಕನ್ನಡದಲ್ಲಿಲ್ಲ, ನಾವೂ ಪೆಟ್ಟು ತಿಂದು ಕಲಿತದ್ದು, ಹಾಗಾಗಿ ಬಿಡಿಸಿ ಹೇಳುತ್ತೇವೆ. ಒಂದು ಸಲಹೆ ಮಾತ್ರ: ಸಕರ್ಮಕ, ಅಕರ್ಮಕ ಎಂದು ಶುರು ಮಾಡಬೇಡಿ. ಕುಡಿಯುವ ಪದಾರ್ಥಗಳಿಂದ ಶುರು ಮಾಡಿ. ಮೈಂನೇ ದೂಧ್ ಪಿಯಾ. ಮೈಂನೇ ಚಾಯ್ ಪೀ. ಮೈಂನೇ ಪಾನೀ ಪಿಯಾ. ಕುಡಿದವರು ಹೆಂಗಸಾದರೂ ಗಂಡಸಾದರೂ ಕ್ರಿಯಾಪದ ಕೇಳುವುದು ಲೋಟದೊಳಗಿನದ್ದನ್ನು. "ಈ"ಕಾರದಲ್ಲಿ ಮುಗಿದರೂ "ಪಾನೀ" ಪುಲ್ಲಿಂಗ ಎಂಬುದೂ ಅಲ್ಲೇ ಸಿಗುತ್ತದೆ. ಲಾನಾ, ಭೂಲ್‌ನಾ ಎರಡಕ್ಕೆ "ನೇ" ಇಲ್ಲ ಎಂಬುದನ್ನು ಅದೇ ವಾರ ಹೇಳಿಬಿಡಿ, ದಿನವೂ ಬರುವ ಪದಗಳು ಅವು.

ಅವರಿಗೆ ಸುಲಭವಾಗಿ ನಮಗೆ ತೊಡಕಾಗುವುದೂ ಒಂದಿದೆ. "ಪೌನೇ ತೀನ್ ಬಜೇ" ಅಂದರೆ 2:45. ಮೂರಕ್ಕೆ ಕಾಲು ಗಂಟೆ ಬಾಕಿ ಎಂದು ಇಂಗ್ಲಿಷಿನಲ್ಲೂ ಹೇಳುವುದರಿಂದ ತಕ್ಷಣ ಹತ್ತುತ್ತದೆ. ಎರಡೂ ಮುಕ್ಕಾಲು ಎನ್ನುವ ನಾವೇ ಒಂದು ಕ್ಷಣ ನಿಲ್ಲುತ್ತೇವೆ. ಅವರು ತಡವರಿಸುವುದು ಅದೇ ಪದ ದುಡ್ಡಿಗೆ ಬಂದಾಗ. ಸವಾ ಸೌ 125, ಡೇಢ್ ಸೌ 150, ಪೌನೇ ದೋ ಸೌ 175, ಢಾಈ ಸೌ 250. ಆಟೋದ ರೋಲ್‌ಪ್ಲೇನಲ್ಲಿ "ಡೇಢ್ ಸೌ" ಕೇಳಿ 100 ರೂಪಾಯಿಯ ಒಂದೇ ನೋಟು ಕೊಟ್ಟವರು ಬೇಕಾದಷ್ಟು ಜನ, "ಸೌ" ಮಾತ್ರ ಕಿವಿಗೆ ಬಿದ್ದಿರುತ್ತದೆ. ಒಂದೂವರೆಗೆ ಡೇಢ್, ಎರಡೂವರೆಗೆ ಢಾಈ, "ಸಾಢೇ" ಶುರುವಾಗುವುದು ಮೂರರಿಂದ. ಒಂದರಿಂದ ನೂರರ ಪೂರ್ತಿ ಪಟ್ಟಿಗಿಂತ ಮುಂಚೆ ಇದನ್ನು ಕಲಿಸಿ. 39ರ ಉನ್‌ತಾಲೀಸ್, 49ರ ಉನ್‌ಚಾಸ್ ಆಮೇಲೆ ಬಂದರೂ ನಡೆಯುತ್ತದೆ. ಅಂಗಡಿಯಲ್ಲಿ ಇಂಗ್ಲಿಷ್ ಅಂಕಿ ಹೇಳಿದರೂ ವ್ಯಾಪಾರ ನಿಲ್ಲುವುದಿಲ್ಲ.

ತಿದ್ದುವಾಗ ಎಲ್ಲದಕ್ಕೂ ತಡೆಯಬಾರದು. ಮೊದಲ ಹಂತದಲ್ಲಿ ಮೇಜಿನ ಲಿಂಗ ತಪ್ಪಿದರೆ ಕೇಳುವವರಿಗೆ ಅರ್ಥವಾಗುತ್ತದೆ, ಬಿಡಿ. "ಮೇರಾ ಕಮ್‌ರಾ ಮೇಂ" ಅಂದರೆ "ಮೇರೇ ಕಮ್‌ರೇ ಮೇಂ" ಎಂದು ನೀವೇ ಒಮ್ಮೆ ಹೇಳಿ ಮುಂದೆ ಹೋಗಿ. ಹಿರಿಯರಿಗೆ "ತುಮ್" ಅಂದರೆ, "ಮುಝೇ" ಜಾಗಕ್ಕೆ "ಮೈಂ" ಬಂದರೆ ಮಾತ್ರ ಅಲ್ಲೇ ನಿಲ್ಲಿಸಿ, ಪೂರ್ತಿ ವಾಕ್ಯ ಮತ್ತೆ ಹೇಳಿಸಿ.

ಮುಂದಿನ ಬ್ಯಾಚಿಗೆ ಕೋಆರ್ಡಿನೇಟರ್ ಅವರ ಮುಂದೆ ನಾವು ಇಟ್ಟಿರುವ ಬೇಡಿಕೆಗಳು ಇಷ್ಟು: "ಮುಝೇ" ಪಾಠ ಮೂರನೇ ಕ್ಲಾಸಿಗೆ, ಉಚ್ಚಾರಣೆಗೆ ವಾರಕ್ಕೊಂದು ಸ್ಲಾಟು, ಆಡಿಯೋ ತಿದ್ದುವ ಹೊತ್ತಿಗೂ ಸಂಬಳ, ಮತ್ತು ಆ ವಿದ್ಯಾರ್ಥಿಗೆ ಶುಲ್ಕವಿಲ್ಲದೆ ಮರುಪರೀಕ್ಷೆ. ಕೊನೆಯದಕ್ಕೆ ಒಪ್ಪಿದ್ದಾರೆ.