ಕರಿಬೇವಿನ ಗಿಡದಲ್ಲಿ ಕಲಿತ ವರ್ಗೀಕರಣ

ನಾವು ಬಿ.ಎಸ್ಸಿ. ಓದುತ್ತಿದ್ದಾಗ ಪ್ರಾಣಿಶಾಸ್ತ್ರದ ಪ್ರಶ್ನೆಪತ್ರಿಕೆಯಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತಿತ್ತು: ಚಿಟ್ಟೆ ಮತ್ತು ಪತಂಗಗಳ ನಡುವಿನ ವ್ಯತ್ಯಾಸಗಳನ್ನು ಬರೆಯಿರಿ. ಐದು ಅಂಕ. ಹಾಳೆಯ ನಡುವೆ ಗೀಟು ಎಳೆದು ಎಡಕ್ಕೊಂದು ಬಲಕ್ಕೊಂದು ಬರೆದರೆ ಮುಗಿಯಿತು. ಚಿಟ್ಟೆ ಹಗಲು ಹಾರುತ್ತದೆ, ಪತಂಗ ರಾತ್ರಿ. ಚಿಟ್ಟೆ ಕುಳಿತಾಗ ರೆಕ್ಕೆಗಳನ್ನು ಬೆನ್ನ ಮೇಲೆ ಜೋಡಿಸಿ ನಿಲ್ಲಿಸುತ್ತದೆ, ಪತಂಗ ಚಾಚಿ ಮಲಗಿಸುತ್ತದೆ. ಚಿಟ್ಟೆಯ ಕುಡಿಮೀಸೆಯ ತುದಿ ಉಬ್ಬಿರುತ್ತದೆ, ಪತಂಗದ್ದು ಗರಿಯಂತೆಯೋ ದಾರದಂತೆಯೋ ಇರುತ್ತದೆ. ಪತಂಗಕ್ಕೆ ಫ್ರೆನ್ಯುಲಮ್ ಎಂಬ ರೆಕ್ಕೆಯ ಕೊಂಡಿ ಇರುತ್ತದೆ, ಚಿಟ್ಟೆಗೆ ಇಲ್ಲ. ನಮ್ಮ ಮೇಡಂ ಇದಿಷ್ಟನ್ನೂ ನಿಧಾನವಾಗಿ ಹೇಳಿ ಬರೆಸಿದರು. ಅಂಕ ಯಾರಿಗೂ ತಪ್ಪಬಾರದು ಎಂಬ ಕಾಳಜಿ ಅವರದು. ಮರುದಿನ ಬಂದವರೇ, "ನಿನ್ನೆ ಬರೆದದ್ದನ್ನು ಪರೀಕ್ಷೆಗೆ ಇಟ್ಟುಕೊಳ್ಳಿ. ಈಗ ಅದರಲ್ಲಿ ಎಷ್ಟು ಉಳಿಯುತ್ತದೆ ನೋಡೋಣ ಬನ್ನಿ" ಎಂದು ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋದರು.

ಗ್ರಂಥಾಲಯದ ಹಿಂದಿನ ಲಂಟಾನ ಪೊದೆಯ ಮೇಲೆ ನಡುಮಧ್ಯಾಹ್ನದ ಬಿಸಿಲಿನಲ್ಲಿ, ಕೂರದೆ ಗಾಳಿಯಲ್ಲಿ ನಿಂತೇ ಮಕರಂದ ಹೀರುತ್ತಿದ್ದುದು ಒಂದು ಪತಂಗ. ಸಂಜೆ ಹಾಸ್ಟೆಲಿನ ದೀಪಕ್ಕೆ ಬಂದು ಗೋಡೆಗೆ ಅಂಟಿಕೊಂಡ ಒಣಗಿದೆಲೆ ಬಣ್ಣದ ಕೀಟ ಮೆಲನೈಟಿಸ್ ಲೀಡಾ ಎಂಬ ಅಪ್ಪಟ ಚಿಟ್ಟೆ. ಹೆಸ್ಪೆರಿಡೇ ಕುಟುಂಬದ ಚಿಟ್ಟೆಗಳಲ್ಲಿ ಕೆಲವು ರೆಕ್ಕೆ ಚಾಚಿಯೇ ಕೂರುತ್ತವೆ. ದಕ್ಷಿಣ ಅಮೆರಿಕದ ಕ್ಯಾಸ್ಟ್ನಿಡೇ ಪತಂಗಗಳಿಗೆ ಕುಡಿಮೀಸೆಯ ತುದಿ ಉಬ್ಬಿರುತ್ತದೆ. ಹೀಗೆ ಒಂದೊಂದೇ ಸಾಲು ಅಳಿಸುತ್ತಾ ಹೋಗಿ ಕೊನೆಗೆ ಉಳಿದದ್ದು ಫ್ರೆನ್ಯುಲಮ್ ಮಾತ್ರ. ಪತಂಗದ ಹಿಂದಿನ ರೆಕ್ಕೆಯ ಬುಡದಲ್ಲಿರುವ ಗಡುಸಾದ ಕೂದಲು ಅದು. ಮುಂದಿನ ರೆಕ್ಕೆಯ ಅಡಿಯ ಕೊಕ್ಕೆಗೆ ಸಿಕ್ಕಿಕೊಂಡು, ಹಾರುವಾಗ ಎರಡೂ ರೆಕ್ಕೆಗಳನ್ನು ಒಟ್ಟಿಗೆ ಹಿಡಿದಿಡುತ್ತದೆ. ದೀಪದ ಕೆಳಗೆ ಸತ್ತುಬಿದ್ದ ಪತಂಗವನ್ನು ಭೂತಗನ್ನಡಿಯ ಅಡಿಯಲ್ಲಿಟ್ಟು, ಸೂಜಿಯ ಮೊನೆಯಿಂದ ಆ ಕೊಂಡಿಯನ್ನು ಬಿಡಿಸಿ ಮತ್ತೆ ಸಿಕ್ಕಿಸಿ ನೋಡಿದ ಸಂತೋಷ ನನಗೆ ಇಂದಿಗೂ ಇದೆ. ಆದರೆ ಅದೂ ಪೂರ್ತಿ ನಿಲ್ಲಲಿಲ್ಲ. ನಮ್ಮ ಕಾಡಿನ ದೈತ್ಯ ಅಟ್ಲಾಸ್ ಪತಂಗದ ಕುಟುಂಬಕ್ಕೆ ಫ್ರೆನ್ಯುಲಮ್ ಇಲ್ಲ. ಆಸ್ಟ್ರೇಲಿಯಾದ ರೀಜೆಂಟ್ ಸ್ಕಿಪ್ಪರ್ ಚಿಟ್ಟೆಯ ಗಂಡಿಗೆ ಇದೆ.

"ಹಾಗಾದರೆ ಚಿಟ್ಟೆ ಎಂದರೆ ಏನು ಮೇಡಂ?" ಎಂದು ಹಿಂದಿನ ಬೆಂಚಿನ ಗೆಳೆಯ ಕೇಳಿದ. "ಒಂದೇ ಮೂಲದಿಂದ ಬಂದ ಕೆಲವು ಕುಟುಂಬಗಳ ಗುಂಪು. ಪತಂಗ ಎಂದರೆ ಆ ಗುಂಪಿನ ಹೊರಗೆ ಉಳಿದವೆಲ್ಲ" ಎಂದರು. ನನ್ನ ಮಟ್ಟಿಗೆ ಇಡೀ ಪದವಿಯಲ್ಲಿ ಕಿವಿಗೆ ಬಿದ್ದ ಅತಿ ಮುಖ್ಯವಾದ ಮಾತು ಇದು. ಸ್ವೀಡನ್ನಿನ ವರ್ಗೀಕರಣ ವಿಜ್ಞಾನಿ ಲಿನೇಯಸ್ 1758ರಲ್ಲಿ, ಚಿಟ್ಟೆ ಪತಂಗಗಳೆಲ್ಲ ಸೇರಿದ ಲೆಪಿಡಾಪ್ಟೆರಾ ಗಣವನ್ನು ಪ್ಯಾಪಿಲಿಯೋ, ಸ್ಫಿಂಕ್ಸ್, ಫಲೀನಾ ಎಂದು ಮೂರು ಭಾಗ ಮಾಡಿದ. ಚಿಟ್ಟೆಗಳಿಗೆ ಒಂದು ಭಾಗ, ಪತಂಗಗಳಿಗೆ ಎರಡು. ಇಂದು ಹೆಸರು ಪಡೆದ ಸುಮಾರು 1,60,000 ಪ್ರಭೇದಗಳಲ್ಲಿ ಚಿಟ್ಟೆಗಳು ಹದಿನೆಂಟು ಸಾವಿರದ ಆಸುಪಾಸು ಮಾತ್ರ. ಅವು ಪತಂಗಗಳಿಗೆ ಎದುರು ನಿಂತ ಇನ್ನೊಂದು ಪಂಗಡವಲ್ಲ, ಪತಂಗಗಳ ವಂಶವೃಕ್ಷದಲ್ಲೇ ಹಗಲಿಗೆ ಒಗ್ಗಿಕೊಂಡ ಒಂದು ಕೊಂಬೆ. ಆ ಕೊಂಬೆಯಲ್ಲೂ ಅಮೆರಿಕದ ಉಷ್ಣವಲಯದ ಹೆಡಿಲಿಡೇ ಕುಟುಂಬದವು ಬಹುಪಾಲು ರಾತ್ರಿ ಹಾರುತ್ತವೆ. ಬಹುಕಾಲ ಪತಂಗಗಳ ಸಾಲಿನಲ್ಲಿದ್ದ ಅವು ಚಿಟ್ಟೆಗಳ ಬಳಗದವು ಎಂದು ಸ್ಕೋಬಲ್ ಎಂಬ ವಿಜ್ಞಾನಿ 1986ರಲ್ಲಿ ವಾದಿಸಿದರು. ಮುಂದೆ ಡಿಎನ್‌ಎ ಅಧ್ಯಯನಗಳೂ ಅದನ್ನೇ ಹೇಳಿದವು.

ಕುಟುಂಬಗಳನ್ನು ಗುರುತಿಸುವುದಕ್ಕೆ ಮೇಡಂ ಬಣ್ಣ ನೋಡಲು ಬಿಡುತ್ತಿರಲಿಲ್ಲ. "ಮೊದಲು ಕಾಲು ಎಣಿಸಿ, ಆಮೇಲೆ ಮರಿ ಏನು ತಿನ್ನುತ್ತದೆ ಕೇಳಿ" ಎನ್ನುತ್ತಿದ್ದರು. ನಾಲ್ಕೇ ಕಾಲಿನ ಮೇಲೆ ನಿಂತಿದ್ದರೆ ನಿಂಫಾಲಿಡೇ, ಏಕೆಂದರೆ ಅವುಗಳ ಮುಂಗಾಲುಗಳು ಮೊಟಕಾಗಿ ಎದೆಗೆ ಅಂಟಿಕೊಂಡಿರುತ್ತವೆ. ಎಕ್ಕದ ಗಿಡದಲ್ಲಿ ಪ್ಲೇನ್ ಟೈಗರ್ ಹುಳು, ಕಕ್ಕೆ ಮರದಲ್ಲಿ ಪಿಯರಿಡೇ ಕುಟುಂಬದ ಎಮಿಗ್ರಂಟ್, ಈಶ್ವರಿ ಬಳ್ಳಿಯಲ್ಲಿ ರೋಸ್ ಚಿಟ್ಟೆಗಳು ಮತ್ತು ಈಗ ನಮ್ಮ ರಾಜ್ಯದ ಚಿಟ್ಟೆಯಾಗಿರುವ ಸದರ್ನ್ ಬರ್ಡ್‌ವಿಂಗ್. ಗಿಡ ಗೊತ್ತಿಲ್ಲದವನಿಗೆ ಚಿಟ್ಟೆ ಗೊತ್ತಾಗುವುದಿಲ್ಲ ಎಂಬುದು ಅವರ ದೃಢ ನಂಬಿಕೆ. ನನ್ನದೂ ಈಗ ಅದೇ.

ಕ್ಯಾಂಟೀನಿನ ಹಿಂದೆ ಒಂದು ಕರಿಬೇವಿನ ಗಿಡವಿತ್ತು. ಅದರ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಮರಿಹುಳುಗಳಿದ್ದವು. ಅವನ್ನು ಎಲೆಸಮೇತ ಹಾರ್ಲಿಕ್ಸ್ ಬಾಟಲಿಗಳಲ್ಲಿ ಹಾಕಿ, ಬಾಯಿಗೆ ಹಳೆಯ ಸೊಳ್ಳೆಪರದೆಯ ತುಂಡು ಕಟ್ಟಿ, ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರು. ಹುಳು ಪೊರೆ ಬಿಟ್ಟು ಬಿಟ್ಟು ಕೊನೆಗೆ ಹಸಿರಾಯಿತು. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪನೆಯ ಕವಲುಕೋಡು ಹೊರಚಾಚಿ ಘಾಟು ವಾಸನೆ ಬಿಡುತ್ತಿತ್ತು. ಈ ಕೋಡು ಪ್ಯಾಪಿಲಿಯೋನಿಡೇ ಕುಟುಂಬದ ಹುಳುಗಳ ಗುರುತು. ಆಮೇಲೆ ಕೋಶ. ಒಂದೊಂದಾಗಿ ಚಿಟ್ಟೆಗಳು ಹೊರಬಂದಾಗ ಇಡೀ ತರಗತಿ ಬೆರಗಾಯಿತು. ನನ್ನ ಬಾಟಲಿಯಲ್ಲಿ ಕಪ್ಪು ರೆಕ್ಕೆಗೆ ಬಿಳಿ ಮಚ್ಚೆಗಳ ಸಾಲಿದ್ದ ಗಂಡು. ಪಕ್ಕದವಳ ಬಾಟಲಿಯಲ್ಲಿ ರೋಸ್ ಚಿಟ್ಟೆಯನ್ನೇ ಹೋಲುವ, ಕೆಂಪು ಮಚ್ಚೆಯ ಹೆಣ್ಣು. ಇನ್ನೊಬ್ಬನಿಗೆ ಗಂಡನ್ನೇ ಹೋಲುವ ಹೆಣ್ಣು. ಒಂದೇ ಗಿಡ, ಒಂದೇ ಬಗೆಯ ಹುಳು.

ಅಂದು ಮೇಡಂ ನಾವು ಸಾಕಿದ್ದ ಈ ಕಾಮನ್ ಮಾರ್ಮನ್ ಚಿಟ್ಟೆಯ ಕಥೆ ಹೇಳಿದರು. ಲಿನೇಯಸ್ ಮುಂದೆ ಇದ್ದದ್ದು ಸತ್ತ, ಒಣಗಿದ ಮಾದರಿಗಳು. ಆತ ಗಂಡಿಗೆ ಪ್ಯಾಪಿಲಿಯೋ ಪ್ಯಾಮನ್ ಎಂದೂ ರೋಸ್ ಚಿಟ್ಟೆಯನ್ನು ಹೋಲುವ ಹೆಣ್ಣಿಗೆ ಪ್ಯಾಪಿಲಿಯೋ ಪಾಲಿಟಿಸ್ ಎಂದೂ ಹೆಸರಿಟ್ಟು ಎರಡು ಪ್ರಭೇದ ಮಾಡಿದ. ಕ್ರಿಮ್ಸನ್ ರೋಸ್ ಎಂಬ ಇನ್ನೊಂದು ರೋಸ್ ಚಿಟ್ಟೆಯನ್ನು ಹೋಲುವ ಹೆಣ್ಣಿಗೆ ಕ್ರೇಮರ್ ಎಂಬ ಡಚ್ ಕೀಟತಜ್ಞ ರೋಮ್ಯುಲಸ್ ಎಂದು ಇನ್ನೊಂದು ಹೆಸರು ಕೊಟ್ಟ. ಮಲಯ ದ್ವೀಪಸಮೂಹದ ಕಾಡುಗಳಲ್ಲಿ ವರ್ಷಗಟ್ಟಲೆ ಅಲೆದು ಬಂದ ಬ್ರಿಟಿಷ್ ಪ್ರಕೃತಿ ವಿಜ್ಞಾನಿ ವಾಲೆಸ್ 1865ರಲ್ಲಿ, ಇವು ಬೇರೆ ಪ್ರಭೇದಗಳಲ್ಲ, ಒಂದೇ ಪ್ರಭೇದದ ಹೆಣ್ಣುಗಳ ಬೇರೆ ಬೇರೆ ರೂಪಗಳು ಎಂದು ತೋರಿಸಿದ. ಈಶ್ವರಿ ಬಳ್ಳಿ ತಿಂದು ಬೆಳೆದ ರೋಸ್ ಚಿಟ್ಟೆಗಳ ಮೈಯಲ್ಲಿ ವಿಷವಿರುವುದರಿಂದ ಹಕ್ಕಿಗಳು ಅವುಗಳ ತಂಟೆಗೆ ಹೋಗುವುದಿಲ್ಲ. ಆ ವೇಷ ತೊಟ್ಟ ಮಾರ್ಮನ್ ಹೆಣ್ಣುಗಳೂ ಬದುಕಿಕೊಳ್ಳುತ್ತವೆ. ಮುಂದೆ ಫ್ರಯರ್ ಎಂಬಾತ ಸಿಲೋನಿನಲ್ಲಿ ಇವನ್ನು ತಲೆಮಾರುಗಟ್ಟಲೆ ಸಾಕಿ, ಈ ರೂಪಗಳು ತಾಯಿತಂದೆಯರಿಂದ ಹೇಗೆ ಬರುತ್ತವೆ ಎಂಬ ಲೆಕ್ಕವನ್ನು 1913ರಲ್ಲಿ ಪ್ರಕಟಿಸಿದ. ಸಾಕಿ ನೋಡದೆ ವರ್ಗೀಕರಣ ಮಾಡಿದರೆ ಗಂಡ ಹೆಂಡತಿಯನ್ನೇ ಬೇರೆ ಬೇರೆ ಪೆಟ್ಟಿಗೆಗೆ ಹಾಕಿಬಿಡುತ್ತೇವೆ ಎಂದು ಮೇಡಂ ಹೇಳಿದ್ದನ್ನು ನಾನು ನನ್ನ ಪ್ರೌಢಶಾಲೆಯ ಮಕ್ಕಳಿಗೆ ಪ್ರತಿವರ್ಷ ಹೇಳುತ್ತೇನೆ.

2014ರಲ್ಲಿ, ಈ ವೇಷಗಳ ಹಿಂದಿರುವುದು ಡಬಲ್‌ಸೆಕ್ಸ್ ಎಂಬ ಒಂದೇ ಜೀನ್ ಎಂದು ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರ ಸಂಶೋಧನೆ ನೇಚರ್ ಪತ್ರಿಕೆಯಲ್ಲಿ ಬಂತು. ಕುಂಟೆಯವರು ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದವರು (ಎನ್‌ಸಿಬಿಎಸ್) ಎಂಬುದು ನನಗೆ ಇನ್ನಷ್ಟು ಹೆಮ್ಮೆ ತಂದಿತು. ಕೀಟಗಳಲ್ಲಿ ಗಂಡು ಹೆಣ್ಣಿನ ಮೈಯನ್ನು ರೂಪಿಸುವ ಜೀನ್ ಅದು. ತಡೆಯಲಾರದೆ ಮೇಡಂಗೆ ಫೋನ್ ಮಾಡಿದೆ. ನಿವೃತ್ತರಾಗಿ ಬಹಳ ಕಾಲವಾಗಿತ್ತು. ಪೂರ್ತಿ ಕೇಳಿಸಿಕೊಂಡು, "ಗಂಡಿನ ಮೈಯಲ್ಲೂ ಆ ಜೀನ್ ಇರುತ್ತದಲ್ಲಪ್ಪಾ, ಅಲ್ಲಿ ಯಾಕೆ ವೇಷ ಹಾಕುವುದಿಲ್ಲ? ಅದನ್ನು ಓದಿ ನನಗೆ ಹೇಳು" ಎಂದು ಪಾಠ ಕೊಟ್ಟರು. 2023ರಲ್ಲಿ ಸುಮಾರು 2,300 ಪ್ರಭೇದಗಳ ಡಿಎನ್‌ಎ ಹೋಲಿಸಿ, ಚಿಟ್ಟೆಗಳು ಹತ್ತು ಕೋಟಿ ವರ್ಷಗಳ ಹಿಂದೆ ಅಮೆರಿಕ ಖಂಡಗಳಲ್ಲಿ ಪತಂಗಗಳಿಂದ ಕವಲೊಡೆದವು ಎಂಬ ವಂಶವೃಕ್ಷ ಪ್ರಕಟವಾದಾಗಲೂ ಹೀಗೆಯೇ ಮಾತಾಡಿದೆವು.

ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗ ಹೊಸ ಕಟ್ಟಡಕ್ಕೆ ಹೋಗುತ್ತಿದೆ ಎಂದು ಕೇಳಿದ್ದೇನೆ. ಚಿಟ್ಟೆಗಳ ಮಾದರಿಗಳನ್ನು ಚುಚ್ಚಿಟ್ಟ, ನುಸಿಗುಳಿಗೆ ವಾಸನೆಯ ಅಲ್ಲಿನ ಮರದ ಪೆಟ್ಟಿಗೆಗಳ ವಿಷಯದಲ್ಲಿ ಈಗಿನ ವಿದ್ಯಾರ್ಥಿಗಳಿಗೆ ಒಂದು ಕೋರಿಕೆ. ಒಳಗಿನ ಹೆಸರುಗಳು ಹಳೆಯವು. ಜುನೋನಿಯಾ ಅಲ್ಮಾನಾ ಅಲ್ಲಿ ಪ್ರೆಸಿಸ್ ಅಲ್ಮಾನಾ ಆಗಿದೆ. ಟ್ರಾಯ್ಡೀಸ್ ಮಿನೋಸ್, ಅಂದರೆ ನಮ್ಮ ಸದರ್ನ್ ಬರ್ಡ್‌ವಿಂಗ್, ಇನ್ನೂ ಟ್ರಾಯ್ಡೀಸ್ ಹೆಲೆನಾದ ಉಪಪ್ರಭೇದವಾಗಿದೆ. ದಯವಿಟ್ಟು ಆ ಚೀಟಿಗಳನ್ನು ಕಿತ್ತೆಸೆಯಬೇಡಿ. ಅದೇ ಗುಂಡುಸೂಜಿಗೆ ಹಳೆಯ ಚೀಟಿಯ ಕೆಳಗೆ ಹೊಸದನ್ನು ಚುಚ್ಚಿ. ಯಾವ ಊರಿನಲ್ಲಿ, ಯಾವ ತಾರೀಖಿನಂದು ಸಿಕ್ಕಿತು ಎಂದು ಬರೆದ ಚೀಟಿಯನ್ನಂತೂ ಜೋಪಾನವಾಗಿ ಉಳಿಸಿ, ಅದು ಕಳೆದುಹೋದರೆ ಮಾದರಿಯಿಂದ ಅಧ್ಯಯನಕ್ಕೆ ಉಪಯೋಗವಿಲ್ಲ. ಪೆಟ್ಟಿಗೆಗಳ ಪಟ್ಟಿ ಮಾಡುವುದಾದರೆ ದಸರಾ ರಜೆಯಲ್ಲಿ ನಾನು ಬರುತ್ತೇನೆ. ಕರೆದುಕೊಂಡು ಹೋಗುವುದಾದರೆ ತಾವೂ ಬರುವುದಾಗಿ ಮೇಡಂ ಹೇಳಿದ್ದಾರೆ.