ಎಪಿಐ ಕೊಡುವವರೇ, ಎರರ್‌ಗಳನ್ನೂ ಬರೆದುಕೊಡಿ

ಹೊಸ ಎಪಿಐ (ಒಂದು ಸಾಫ್ಟ್‌ವೇರ್ ಇನ್ನೊಂದರ ಜೊತೆ ಮಾತಾಡುವ ದಾರಿ) ಕೈಗೆ ಬಂದರೆ ನಾನು ಮೊದಲು ತೆರೆಯುವುದು ಎರರ್‌ಗಳ ಪುಟ. ಕೀ (ಕೇಳುತ್ತಿರುವವರು ಯಾರು ಅಂತ ತೋರಿಸುವ ಗುಟ್ಟಿನ ಕೋಡ್) ಎಲ್ಲಿ ಸಿಗುತ್ತದೆ, ಡೇಟಾ ಹೇಗೆ ಬರುತ್ತದೆ ಅಂತ ಎಲ್ಲರೂ ಬರೆದಿರುತ್ತಾರೆ. ಕೆಲಸ ಕೆಟ್ಟಾಗ ಏನು ಉತ್ತರ ಬರುತ್ತದೆ ಅಂತ ಬರೆಯುವವರು ಕಮ್ಮಿ. ಮೈಸೂರಿನ ಹೆಬ್ಬಾಳದ ನಮ್ಮ ಸಣ್ಣ ಆಫೀಸಿನಲ್ಲಿ ಬೇರೆಯವರ ಎಪಿಐ ಜೋಡಿಸುವುದೇ ದಿನದ ಕೆಲಸ, ಹಾಗಾಗಿ ಈ ಕೊರತೆ ದಿನಾ ಎದುರಾಗುತ್ತದೆ.

ಈಚೆಗೆ ಒಂದು ಪೇಮೆಂಟ್ ಸೇವೆಯನ್ನು ಜೋಡಿಸುತ್ತಿದ್ದೆವು. ಬೇಕೆಂದೇ ತಪ್ಪು ಕೀ ಕಳಿಸಿ ನೋಡಿದೆ. ಬಂದ ಸ್ಟೇಟಸ್ 200, ಅಂದರೆ ‘ಎಲ್ಲ ಸರಿ’! ಒಳಗೆ ನೋಡಿದರೆ ‘ಫೇಲ್’ ಅಂತ ಒಂದು ಪದ, ಪಕ್ಕದಲ್ಲಿ ‘07’. ಆ 07 ಅಂದರೆ ಏನು ಅಂತ ಅವರು ಕೊಟ್ಟ ಪಿಡಿಎಫ್‌ನಲ್ಲಿ ಎಲ್ಲೂ ಇಲ್ಲ. ವೆಬ್ ಮಾತಾಡುವ ನಿಯಮವಾದ ಎಚ್‌ಟಿಟಿಪಿಯಲ್ಲಿ ಇದಕ್ಕೆಲ್ಲ ಆಗಲೇ ಜಾಗ ಇದೆ ಅಲ್ವಾ? ಕೀ ಸರಿಯಿಲ್ಲ ಅಂದರೆ 401. ಕೀ ಸರಿ, ಅನುಮತಿ ಇಲ್ಲ ಅಂದರೆ 403. ಜಾಸ್ತಿ ಸಲ ಕೇಳಿದರೆ 429. ಎಷ್ಟು ಸೆಕೆಂಡು ಕಾಯಬೇಕು ಅಂತ ರಿಟ್ರೈ-ಆಫ್ಟರ್ ಹೆಡರ್‌ನಲ್ಲಿ ಹೇಳಬಹುದು. ಎರರ್ ವಿವರ ಬರೆಯುವುದಕ್ಕೂ 2023ರಲ್ಲಿ ಬಂದ ಆರ್‌ಎಫ್‌ಸಿ 9457 ಅನ್ನುವ ಇಂಟರ್ನೆಟ್ ಮಾನದಂಡ ಇದೆ. ಹೊಸದಾಗಿ ಏನೂ ಕಂಡುಹಿಡಿಯಬೇಕಾಗಿಲ್ಲ.

ಈ ವಿಷಯದಲ್ಲಿ ಆನ್‌ಲೈನ್ ಪೇಮೆಂಟ್ ಕಂಪನಿ ಸ್ಟ್ರೈಪ್‌ನವರ ಕೆಲಸ ನನಗೆ ತುಂಬಾ ಇಷ್ಟ. ಅವರ ಎರರ್ ಉತ್ತರದ ಒಳಗೇ, ಆ ಎರರ್ ಬಗ್ಗೆ ಓದಬಹುದಾದ ಪುಟದ ಲಿಂಕ್ ಬರುತ್ತದೆ. ಹಣದ ರಿಕ್ವೆಸ್ಟ್ ಕಳಿಸಿದ ಮೇಲೆ ನೆಟ್‌ವರ್ಕ್ ಹೋಯಿತು ಅಂತಿಟ್ಟುಕೊಳ್ಳಿ. ಮತ್ತೆ ಕಳಿಸಬೇಕೋ, ಬೇಡವೋ? ಮೊದಲು ಕೊಟ್ಟ ಐಡೆಂಪೊಟೆನ್ಸಿ ಕೀಯನ್ನೇ (ಆ ಒಂದು ರಿಕ್ವೆಸ್ಟ್‌ಗೆ ನಾವು ಹಾಕುವ ಗುರುತು) ಇಟ್ಟು ಕಳಿಸಿದರೆ ಎರಡನೇ ಸಲ ಹಣ ಕಡಿತ ಆಗುವುದಿಲ್ಲ, ಮೊದಲಿನ ಉತ್ತರವೇ ವಾಪಸ್ ಬರುತ್ತದೆ. ಇದನ್ನು ಉದಾಹರಣೆ ಸಮೇತ ಬರೆದಿಟ್ಟಿದ್ದಾರೆ. ರಾತ್ರಿ ಹನ್ನೊಂದಕ್ಕೆ ಗ್ರಾಹಕರ ಫೋನ್ ಬಂದಾಗ ಇಂಥ ಒಂದು ಪ್ಯಾರಾ ಎಷ್ಟು ದೊಡ್ಡ ಉಪಕಾರ ಅಂತ ಅನುಭವಿಸಿದವರಿಗೇ ಗೊತ್ತು.

ಓಪನ್‌ಎಪಿಐ ಫೈಲ್ (ಎಪಿಐ ವಿವರವನ್ನು ಕಂಪ್ಯೂಟರ್ ಓದುವ ಹಾಗೆ ಬರೆದ ಫೈಲ್) ಇದ್ದರೆ ಡಾಕ್ಯುಮೆಂಟೇಶನ್ ತಾನಾಗೇ ತಯಾರಾಗುತ್ತದೆ, ನಿಜ. ಆದರೆ ‘ಡೇಟ್: ಸ್ಟ್ರಿಂಗ್’, ‘ಲೆವೆಲ್: ನಂಬರ್’ ಅಂತ ಸುಮ್ನೆ ಪಟ್ಟಿ ಬಂದರೆ ಏನು ತಿಳಿಯುತ್ತದೆ? ಹೊಸದಾಗಿ ಸೇರಿದ ಹುಡುಗರಿಗೆ ನಾನು ಕೆಆರ್‌ಎಸ್ ಲೆಕ್ಕದಲ್ಲೇ ಹೇಳಿಕೊಡುತ್ತೇನೆ. ಲೆವೆಲ್ 124.80, ಡೇಟ್ 05/08 ಅಂತ ಉತ್ತರ ಬಂತು ಅನ್ನಿ. ಮಂಡ್ಯದ ಹುಡುಗಿಯೊಬ್ಬಳು ತಕ್ಷಣ ಹೇಳಿದಳು: “ಅದು ಅಡಿ ಸರ್, ಕಟ್ಟೆ ತುಂಬಿದೆ. ಮೇ ತಿಂಗಳಲ್ಲಿ ಎಲ್ಲಿ ತುಂಬುತ್ತೆ? ಆಗಸ್ಟ್ 5 ಇರಬೇಕು.” ಸರಿಯಾಗೇ ಹೇಳಿದಳು. ಆದರೆ ಪುಣೆಯಲ್ಲಿ ಕೂತು ಕೋಡ್ ಬರೆಯುವವರಿಗೆ ಇದು ಹೇಗೆ ಹೊಳೆಯಬೇಕು? ಅವರು ಮೀಟರ್ ಅಂದುಕೊಳ್ಳಬಹುದು, ಮೇ 8 ಅಂತಲೂ ಓದಬಹುದು. ಫೀಲ್ಡ್ ಹೆಸರಲ್ಲೇ ಅಡಿ ಅಂತ ಸೇರಿಸಿ, ತಾರೀಖನ್ನು ವರ್ಷ-ತಿಂಗಳು-ದಿನ ಅಂತ ಕೊಟ್ಟರೆ ಮುಗಿಯಿತು.

ನಮ್ಮದೇ ಒಂದು ಎಪಿಐ ಈಗ ಹೊರಗೆ ಬಿಡುವ ಹಂತದಲ್ಲಿದೆ. ಎಂಡ್‌ಪಾಯಿಂಟ್ (ರಿಕ್ವೆಸ್ಟ್ ಕಳಿಸುವ ವಿಳಾಸ) ಒಂದೊಂದಕ್ಕೂ 401, 429 ಬಂದಾಗಿನ ಪೂರ್ತಿ ಉತ್ತರವನ್ನು ಡಾಕ್ಯುಮೆಂಟೇಶನ್‌ನಲ್ಲಿ ಹಾಕುವ ಕೆಲಸ ಆ ಹುಡುಗಿಯೇ ಕೇಳಿ ತಗೊಂಡಿದ್ದಾಳೆ.